ಒಂಬತ್ತು ತೂತಿಗೊಬ್ಬ ದಲಾಲ

ಬ್ಯಾಡಗಿಗೆ ಹೊಸಬರು ಬಂದದ್ದನ್ನು ಊರಿಗೆ ಮೊದಲು ತಿಳಿಸುವುದು ಅವರ ಸೀನು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಾಕು, ಮೆಣಸಿನಕಾಯಿ ಘಾಟು ಎದುರು ಬಂದು ದಾರಿ ತೋರಿಸುತ್ತದೆ. ಸುಗ್ಗಿಯ ಸೋಮವಾರ, ಗುರುವಾರಗಳಲ್ಲಂತೂ ಪೇಟೆಯಲ್ಲಿ ಚೀಲ ಯಾವುದು, ದಾರಿ ಯಾವುದು ಗೊತ್ತಾಗುವುದಿಲ್ಲ. ಅಂಥದೊಂದು ಗುರುವಾರ ನಾನು ಪರಿಚಯದ ದಲಾಲಿ ಅಂಗಡಿಯೊಂದಕ್ಕೆ ಹೋದಾಗ ಅಲ್ಲಿ ಯಾರೂ ಸೀನುತ್ತಿರಲಿಲ್ಲ, ಕೆಮ್ಮುತ್ತಲೂ ಇರಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಒಂದು ಹೊಸ ಲ್ಯಾಪ್‌ಟಾಪಿನ ಸುತ್ತ ನಿಂತಿದ್ದರು.

ಸಾಹುಕಾರರ ಮಗ ಬೆಂಗಳೂರಿನಿಂದ ತಂದದ್ದು. ಹೋಳಿಗೆಯಷ್ಟು ತೆಳ್ಳಗೆ, ಹಪ್ಪಳದಷ್ಟು ಹಗುರ. ಕಾಟಾದ ಹುಡುಗ ಒಂದು ಕೈಯಲ್ಲಿ ಬೆರಳು ದಪ್ಪದ ಕಪ್ಪು ವೈರು ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಆ ಲ್ಯಾಪ್‌ಟಾಪನ್ನು ಎತ್ತಿ, ತಿರುಗಿಸಿ, ಮಗುಚಿ, ಎತ್ತು ಕೊಳ್ಳುವವನು ಹಲ್ಲು ನೋಡುವ ಹಾಗೆ ಅಂಚುಗಳನ್ನೆಲ್ಲ ನೋಡುತ್ತಿದ್ದ. ಕೊನೆಗೆ ಹೇಳಿದ:

"ಯಜಮಾನ್ರ, ಇದಕ್ಕ ಬಾಯಿನ ಇಲ್ಲಲ್ರೀ!"

ಬಾಯಿ ಇತ್ತು. ಎರಡಿದ್ದವು, ಎರಡೂ ಚಪ್ಪಟೆ, ಎರಡೂ ಯುಎಸ್‌ಬಿ. ಆದರೆ ಹುಡುಗನ ಕೈಯಲ್ಲಿದ್ದ ವೈರಿನ ತುದಿಗೆ ಒಂಬತ್ತು ತೂತು. ಮೇಲಿನ ಸಾಲಿನಲ್ಲಿ ಐದು, ಕೆಳಗಿನ ಸಾಲಿನಲ್ಲಿ ನಾಲ್ಕು, ಎರಡೂ ಪಕ್ಕಕ್ಕೆ ತಿರುಪು. ಅದರ ಇನ್ನೊಂದು ತುದಿ ಅಂಗಡಿಯ ಕಾಟಾ ಎಂಬ ತೂಕದ ಯಂತ್ರದೊಳಗಿತ್ತು. ಆ ಯಂತ್ರ ಸುಮಾರು ಇಪ್ಪತ್ತು ವರ್ಷದಿಂದ ಚೀಲದ ತೂಕವನ್ನು ತಪ್ಪಿಲ್ಲದೆ ಹೇಳುತ್ತ ಬಂದಿದೆ. ಈಗ ಅದು ಹೇಳುತ್ತಿತ್ತು, ಕೇಳುವವರಿಗೆ ಕಿವಿ ಇರಲಿಲ್ಲ.

ನಾನು ಎಂದೋ ಪತ್ರಿಕೆಯೊಂದಕ್ಕೆ ಕಂಪ್ಯೂಟರ್ ಬಗ್ಗೆ ಎರಡು ಲೇಖನ ಬರೆದವನು. ನಮ್ಮ ಜಿಲ್ಲೆಯಲ್ಲಿ ತಜ್ಞನಾಗಲು ಅಷ್ಟು ಸಾಕು. ಸಾಹುಕಾರರು ಚಹಾ ತರಿಸಿದರು. ಚಹಾ ತರಿಸಿದರೆಂದರೆ ಕೆಲಸ ಒಪ್ಪಿಸಿದರೆಂದೇ ಅರ್ಥ.

ಆ ವೈರಿನ ಕುಲಗೋತ್ರವನ್ನು ಒಂದಿಷ್ಟು ಹೇಳಲೇಬೇಕು. ಆರ್‌ಎಸ್-232 ಅದರ ಹೆಸರು, ಪೇಟೆಯಲ್ಲಿ ಸೀರಿಯಲ್ ವೈರು. 1960ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ಸ್ ತಯಾರಕರ ಸಂಘ ಟೆಲಿಪ್ರಿಂಟರು ಮತ್ತು ಮೋಡೆಮ್‌ಗಳು ಪರಸ್ಪರ ಜಗಳವಾಡದೆ ಮಾತಾಡಲಿ ಎಂದು ಮಾಡಿಕೊಟ್ಟ ಕಟ್ಟಳೆ. ಆಗ ನಾವಿನ್ನೂ ಮೈಸೂರು ರಾಜ್ಯದ ಧಾರವಾಡ ಜಿಲ್ಲೆಯವರು. ಮೊದಲಿಗೆ ಇಪ್ಪತ್ತೈದು ಪಿನ್ನಿನ ದೊಡ್ಡ ಸಂಸಾರ. 1984ರಲ್ಲಿ ಐಬಿಎಂ ತನ್ನ ಪಿಸಿ ಎಟಿ ಕಂಪ್ಯೂಟರಿಗೆ ಅದನ್ನು ಒಂಬತ್ತಕ್ಕೆ ಇಳಿಸಿತು. ಆ ಒಂಬತ್ತರಲ್ಲೂ ನಮ್ಮ ಕಾಟಾಕ್ಕೆ ಬೇಕಾದವು ಮೂರೇ: ಎರಡನೆಯದು ಕೇಳಲು, ಮೂರನೆಯದು ಹೇಳಲು, ಐದನೆಯದು ನೆಲಕ್ಕೆ. ಮಿಕ್ಕ ಆರು ಪಿನ್ನುಗಳು ಶಿಷ್ಟಾಚಾರ ವಿಭಾಗದವು. "ನಾನು ಸಿದ್ಧ" ಎನ್ನಲು ಒಂದು, "ನಾನೂ ಸಿದ್ಧ" ಎನ್ನಲು ಒಂದು, "ಕಳಿಸಲೇ?" ಎನ್ನಲು ಒಂದು, "ಕಳಿಸು" ಎನ್ನಲು ಒಂದು, "ಲೈನು ಸಿಕ್ಕಿತು" ಎನ್ನಲು ಒಂದು, "ಯಾರೋ ಗಂಟೆ ಬಾರಿಸುತ್ತಿದ್ದಾರೆ" ಎನ್ನಲು ಮತ್ತೊಂದು. ದುಡಿಯುವವರು ಮೂರು ಮಂದಿ, ಸ್ವಾಗತ ಸಮಿತಿಯಲ್ಲಿ ಆರು ಮಂದಿ. ಸಾಹಿತ್ಯ ಸಮ್ಮೇಳನ ನಡೆಸಿದ ಹಾವೇರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ವಿಶೇಷವಿದೆ. ಈ ತಂತಿಯಲ್ಲಿ ಋಣ ವೋಲ್ಟೇಜು ಇದ್ದರೆ 'ಒಂದು', ಧನ ವೋಲ್ಟೇಜು ಇದ್ದರೆ 'ಸೊನ್ನೆ'. ಸಾಲ ಇದ್ದವನಿಗೆ ಲೆಕ್ಕದಲ್ಲಿ ಜಾಗ, ಕೈಯಲ್ಲಿ ದುಡ್ಡಿದ್ದವನು ಲೆಕ್ಕಕ್ಕೇ ಇಲ್ಲ. ಅಮೆರಿಕದ ಇಂಜಿನಿಯರುಗಳು ನಮ್ಮ ದಲಾಲಿ ಅಂಗಡಿಯ ಖಾತೆ ಪುಸ್ತಕವನ್ನು ನೋಡದೆಯೇ ಇಷ್ಟು ಸರಿಯಾಗಿ ಹೇಗೆ ಬರೆದರೋ ತಿಳಿಯದು.

1996ರಲ್ಲಿ ಯುಎಸ್‌ಬಿ ಬಂತು. ಮರುವರ್ಷ, 1997ರಲ್ಲಿ, ಧಾರವಾಡವನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದರು. ಇಬ್ಬರದೂ ಹೆಚ್ಚು ಕಡಿಮೆ ಒಂದೇ ವಯಸ್ಸು, ಇಬ್ಬರೂ ಕೊಟ್ಟ ಮಾತೂ ಒಂದೇ: ಇನ್ನು ಮುಂದೆ ಎಲ್ಲವೂ ಒಂದೇ ಕಡೆ ಸಿಗುತ್ತದೆ, ಅಲೆದಾಟ ತಪ್ಪುತ್ತದೆ. ಯುಎಸ್‌ಬಿ ಎಂಬ ಹೆಸರಿನ ಮೊದಲ ಅಕ್ಷರಕ್ಕೇ 'ಸಾರ್ವತ್ರಿಕ' ಎಂದು ಅರ್ಥ. ಆ ಸಾರ್ವತ್ರಿಕ ತೂತು ಮೊದಲು ಎ ಮತ್ತು ಬಿ ಆಯಿತು, ಆಮೇಲೆ ಮಿನಿ ಆಯಿತು, ಮೈಕ್ರೋ ಆಯಿತು, 2014ರಲ್ಲಿ ಸಿ ಆಯಿತು. ಒಂದೊಂದು ಸಲವೂ ಇದೇ ಕೊನೆಯದು ಎಂದರು. ನಮ್ಮ ಮನೆಯ ಟ್ರಂಕಿನಲ್ಲಿ ಈ ಕೊನೆಯವುಗಳ ಒಂದು ಮೂಟೆಯೇ ಇದೆ.

1998ರಲ್ಲಿ ಆ್ಯಪಲ್ ಕಂಪನಿ ತನ್ನ ಐಮ್ಯಾಕ್‌ನಿಂದ ಹಳೆಯ ಪೋರ್ಟುಗಳನ್ನೂ ಫ್ಲಾಪಿಯನ್ನೂ ಒಟ್ಟಿಗೇ ಹೊರಹಾಕಿತು. ಅದನ್ನು ಧೈರ್ಯ ಎಂದು ಹೊಗಳಿದರು. ಮಿಕ್ಕ ಕಂಪನಿಗಳೂ ಒಂದೊಂದಾಗಿ ಧೈರ್ಯ ಮಾಡಿದವು. ಲ್ಯಾಪ್‌ಟಾಪಿನ ಅಂಚು ಆ ಒಂಬತ್ತು ತೂತಿನ ಗಿಡ್ಡ ಪೋರ್ಟಿಗಿಂತಲೂ ತೆಳ್ಳಗಾದ ಮೇಲೆ ಇಟ್ಟುಕೊಳ್ಳಲು ಜಾಗವೇ ಉಳಿಯಲಿಲ್ಲ. ಮುದುಕನನ್ನು ಹೊರಗೆ ಹಾಕಿದೆವು ಎನ್ನುವ ಬದಲು ಮನೆಯೇ ಚಿಕ್ಕದು ಎನ್ನುವವರನ್ನು ನಾವೇನು ಕಾಣದವರೇ?

ಹಾಗಂತ ಮುದುಕ ಸತ್ತಿರಲಿಲ್ಲ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು, ಈ ಮೂರು ಊರುಗಳಲ್ಲಿ ಸುಮ್ಮನೆ ಒಂದು ಸುತ್ತು ಬನ್ನಿ. ರಾಣೆಬೆನ್ನೂರಿನಲ್ಲಿ ಗೋವಿನಜೋಳದ ಲಾರಿ ಹತ್ತಿ ನಿಲ್ಲುವ ಕಾಟಾದ ಕೆಳಗೆ ಲೋಡ್ ಸೆಲ್‌ಗಳಿವೆ, ಕೋಣೆಯಲ್ಲಿ ಕೆಂಪು ಅಂಕಿಯ ಡಬ್ಬಿಯಿದೆ, ಆ ಡಬ್ಬಿಯ ಬೆನ್ನಿಗೆ ಒಂಬತ್ತು ತೂತಿದೆ. ಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಗಿನ ಆರಕ್ಕೆ ಕೊಬ್ಬು ಎಷ್ಟು, ಕೊಬ್ಬು ಬಿಟ್ಟು ಮಿಕ್ಕ ಘನಾಂಶ, ಅಂದರೆ ಎಸ್‌ಎನ್‌ಎಫ್ ಎಷ್ಟು ಎಂದು ಹೇಳುವ ಹಳೆಯ ಯಂತ್ರದ ಬೆನ್ನಿಗೂ ಅದೇ. ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದು ಖಾರಕ್ಕಿಂತ ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲಂತೂ ಬಣ್ಣಕ್ಕೆ ಇನ್ನಷ್ಟು ಗತ್ತು. ಆ ಬಣ್ಣವನ್ನು 'ಆಸ್ಟಾ' ಎಂಬ ಅಳತೆಯಲ್ಲಿ ಹೇಳುವ ಪ್ರಯೋಗಾಲಯದ ಹಳೆಯ ಯಂತ್ರಗಳೂ ಇದೇ ಬಾಯಿಯಿಂದ ಮಾತಾಡುತ್ತವೆ. ಹಳೆಯ ಸಿಎನ್‌ಸಿ ಯಂತ್ರ, ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಧೂಳು ತಿನ್ನುವ 8051 ಕಿಟ್ಟು, ಎಲ್ಲ ಒಂದೇ ಗೋತ್ರ. ಒಟ್ಟಿನಲ್ಲಿ ರೈತನ ಬೆಳೆಯನ್ನು ಅಳೆಯುವ ಯಂತ್ರಗಳೆಲ್ಲ ಹಳೆಯ ಭಾಷೆಯವು, ಅವನ ಬೆಳೆಯ ಬಗ್ಗೆ ಪವರ್‌ಪಾಯಿಂಟ್ ಮಾಡುವ ಯಂತ್ರಗಳೆಲ್ಲ ಹೊಸ ಭಾಷೆಯವು. ಇಬ್ಬರಿಗೂ ಮಾತುಕತೆ ಇಲ್ಲ.

ಮಾತುಕತೆ ಇಲ್ಲದ ಕಡೆ ಹುಟ್ಟುವವನು ಯಾರು? ಬ್ಯಾಡಗಿಯಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಚೀಲಗಳೂ ಉತ್ತರ ಹೇಳುತ್ತವೆ. ದಲಾಲ. ಕಂಪ್ಯೂಟರಿನವರು ಅವನನ್ನು ಡಾಂಗಲ್ ಎನ್ನುತ್ತಾರೆ. ಹೆಸರು ಬೇರೆ, ವೃತ್ತಿ ಒಂದೇ. ಮಾರುವವನ ಭಾಷೆ ಕೊಳ್ಳುವವನಿಗೆ ತಿಳಿಯದು, ಕೊಳ್ಳುವವನ ಭಾಷೆ ಮಾರುವವನಿಗೆ ತಿಳಿಯದು, ನಡುವೆ ನಿಂತವನು ಇಬ್ಬರಿಗೂ ತಲೆಯಾಡಿಸುತ್ತಾನೆ. ಕಮಿಷನ್ನನ್ನೂ ಹಿಡಿಯುತ್ತಾನೆ, ತೂಕದಲ್ಲಿ ಇಷ್ಟೆಂದು ಕಳೆಯುವ ಸೂಟನ್ನೂ ಹಿಡಿಯುತ್ತಾನೆ. ಕೆಲವು ಡಾಂಗಲ್ಲುಗಳು ಬಂದ ಮಾತನ್ನು ಮುಂದೆ ದಾಟಿಸುವ ಮೊದಲು 16 ಮಿಲಿಸೆಕೆಂಡು ಕೈಯಲ್ಲೇ ಇಟ್ಟುಕೊಳ್ಳುತ್ತವೆ. ಮಹಾ ಏನಲ್ಲ, ಮೆಣಸಿನಕಾಯಿ ಪಟ್ಟಿಯ ಹಣ ಕೆಲವರ ಕೈಯಲ್ಲಿ ನಿಲ್ಲುವಷ್ಟು ಹೊತ್ತಂತೂ ಅಲ್ಲ.

ಈ ದಲಾಲನನ್ನು ಹುಡುಕಿಕೊಂಡು ನಾನು ಹೊರಟೆ.

ಹಾವೇರಿಯ ಅಂಗಡಿಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ. ಸೀರಿಯಲ್ ವೈರು ಎಂದೆ. "ಯಾವ ಸೀರಿಯಲ್ ಸರ್?" ಎಂದ. ಸಂಜೆ ಏಳರದ್ದೋ ಎಂಟರದ್ದೋ ಎಂದು ಕೇಳಲಿಲ್ಲ, ಅದೇ ಪುಣ್ಯ. ಜೇಬಿನಿಂದ ಫೋಟೋ ತೆಗೆದು ತೋರಿಸಿದೆ. "ಓ, ಇದಾ" ಎಂದು ಒಳಗೆ ಹೋಗಿ ನೀಲಿ ಮೂತಿಯ ವೈರು ತಂದ. ಎಣಿಸಿದೆ. ಹದಿನೈದು ತೂತು. ಅದು ಪರದೆಗೆ ಹಾಕುವ ವಿಜಿಎ ವೈರು. ಆಕಾರ ಒಂದೇ, ಅಗಲ ಒಂದೇ, ಒಳಗೆ ಮಾತ್ರ ಸಾಲು ಮೂರು.

"ಒಂಬತ್ತು ತೂತಿಂದು ಬೇಕಪ್ಪಾ."

"ಇದ್ರಾಗ ಆರು ಜಾಸ್ತಿನ ಅದಾವಲ್ರೀ ಸರ್. ರೇಟ್ ಅದ."

ವ್ಯಾಪಾರ ಧರ್ಮದ ದೃಷ್ಟಿಯಿಂದ ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಕೈಮುಗಿದು ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ರಾಣೆಬೆನ್ನೂರಿನವನು ಅನುಭವಸ್ಥ. ಫೋಟೋ ನೋಡುತ್ತಲೇ ಸತ್ತವರ ಮನೆಗೆ ಬಂದವನಂತೆ ಮುಖ ಮಾಡಿದ. "ಅದು ಬಂದ್ ಆಗೇತ್ರಿ ಸರ್. ಈಗೇನಿದ್ರೂ ಬ್ಲೂಟೂತ್, ವೈಫೈ."

"ಕಾಟಾಕ್ಕ ಬ್ಲೂಟೂತ್ ಇಲ್ರೀ."

"ಹಂಗಾರ ಕಾಟಾನ ಚೇಂಜ್ ಮಾಡ್ಸಿ ಬಿಡ್ರಿ."

ಎಂಥ ಸಲೀಸಾದ ಪರಿಹಾರ! ಚಪ್ಪಲಿ ಕಾಲಿಗೆ ಹಿಡಿಯದಿದ್ದರೆ ಕಾಲು ಬದಲಿಸುವುದು. ಆದರೆ ತೂಕದ ಯಂತ್ರ ಮೊಬೈಲಿನಂಥದಲ್ಲ. ಕಾನೂನು ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿ, ಮುದ್ರೆ ಒತ್ತಿ, ಸೀಲು ಹಾಕಿ ಹೋಗುವ ಯಂತ್ರ ಅದು. ಅದರೊಳಗೆ ಕೈ ಹಾಕಿದರೆ ಸೀಲು ಹೋಯಿತು, ಸೀಲು ಹೋದರೆ ಮತ್ತೆ ಅರ್ಜಿ, ಮತ್ತೆ ಪರೀಕ್ಷೆ, ಮತ್ತೆ ಮುದ್ರೆ. ಎಪ್ಪತ್ತು ಸಾವಿರದ ಲ್ಯಾಪ್‌ಟಾಪಿಗೆ ಬೇಜಾರಾಗಬಾರದೆಂದು ಇಪ್ಪತ್ತು ವರ್ಷ ತಪ್ಪಿಲ್ಲದೆ ತೂಗಿದ ಕಾಟಾ ತನ್ನ ಬಾಯಿ ಬದಲಿಸಬೇಕಂತೆ.

ಇಲ್ಲೊಂದು ಹಳೆಯ ಮಾತು ನೆನಪಾಗುತ್ತದೆ. ಸೇರು, ಮಣ ಬಿಡಿಸಿ ಕಿಲೋ ತರಲು ಭಾರತ ಸರ್ಕಾರ 1956ರಲ್ಲಿ ಕಾಯ್ದೆ ಮಾಡಿತು. ಮಾಡಿದ ಮರುದಿನವೇ ಅಜ್ಜಿಯ ಕೈಯಿಂದ ಸೇರು ಕಿತ್ತುಕೊಳ್ಳಲಿಲ್ಲ. ವರ್ಷಗಟ್ಟಲೆ ಹಂತ ಹಂತವಾಗಿ ತಂದರು, ಹಳೆಯದೂ ಹೊಸದೂ ಒಟ್ಟಿಗೆ ನಡೆಯಲು ಬಿಟ್ಟರು, ಪರಿವರ್ತನೆಯ ಕೋಷ್ಟಕ ಹಂಚಿದರು. ಸರ್ಕಾರಿ ಕೆಲಸ ನಿಧಾನ ಎಂದು ಆಡಿಕೊಳ್ಳುವ ನಾವು, ಆ ನಿಧಾನದಲ್ಲಿ ಒಂದು ಮರ್ಯಾದೆಯೂ ಇತ್ತೆಂದು ತಿಳಿಯಲು ಲ್ಯಾಪ್‌ಟಾಪ್ ಕಂಪನಿಗಳು ಬರಬೇಕಾಯಿತು.

ಕೊನೆಗೆ ಆ ಅಂಗಡಿಯವನು ಡ್ರಾಯರಿನ ತಳದಿಂದ ಒಂದು ಪೊಟ್ಟಣ ಎಳೆದ. ಒಳಗೆ ಪಾರದರ್ಶಕ ನೀಲಿ ವೈರು, ಒಂದು ತುದಿಗೆ ಯುಎಸ್‌ಬಿ, ಇನ್ನೊಂದಕ್ಕೆ ಒಂಬತ್ತು ಪಿನ್ನು. ಮುನ್ನೂರೈವತ್ತು ರೂಪಾಯಿ. ಜೊತೆಗೆ ಅಂಗೈಯಗಲದ ಒಂದು ಸೀಡಿ. ಅದರೊಳಗೆ ಡ್ರೈವರು ಇದೆಯಂತೆ. ಸೀಡಿ ಹಾಕಲು ಈಗಿನ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಜಾಗವಿರುವ ಹಳೆಯ ಕಂಪ್ಯೂಟರಿನಲ್ಲಿ ಒಂಬತ್ತು ತೂತಿನ ಬಾಯಿಯೇ ಇರುವುದರಿಂದ ಡಾಂಗಲ್ಲೇ ಬೇಡ. ಹೀಗೆ ಬೇಕಾದವನಿಗೆ ಹಾಕಲಾಗದ, ಹಾಕಬಲ್ಲವನಿಗೆ ಬೇಕಿಲ್ಲದ ಆ ಸೀಡಿ ಕೊನೆಗೆ ಸಾಹುಕಾರರ ಮೊಮ್ಮಗನಿಗೆ ಆಟಿಕೆಯಾಯಿತು. ಎಳ್ಳಷ್ಟೂ ವ್ಯರ್ಥವಾಗಲಿಲ್ಲ.

ಡ್ರೈವರು ಅಂತರಜಾಲದಲ್ಲಿ ಸಿಕ್ಕಿತು. ಸಿಕ್ಕಿದ್ದನ್ನು ಹಾಕಿದೆವು. ಲ್ಯಾಪ್‌ಟಾಪು ಹಳದಿ ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ ತೋರಿಸಿತು. ನನಗೂ ಆಶ್ಚರ್ಯವೇ ಆಗಿತ್ತು, ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬಂದೆವು.

ಡಾಂಗಲ್ಲಿನ ಲೋಕದಲ್ಲಿ ಅಸಲಿ ನಕಲಿಗಳ ದೊಡ್ಡ ರಾಮಾಯಣವೇ ಇದೆ. ಒಳಗಿನ ಚಿಪ್ಪು ಮಾಡುವವರಲ್ಲಿ ಸ್ಕಾಟ್ಲೆಂಡಿನ ಎಫ್‌ಟಿಡಿಐ ಒಂದು, ತೈವಾನಿನ ಪ್ರೊಲಿಫಿಕ್ ಇನ್ನೊಂದು. ಇವರ ಹೆಸರಿನಲ್ಲಿ ನಕಲಿ ಚಿಪ್ಪುಗಳು ಮಾರುಕಟ್ಟೆ ತುಂಬ ಹರಿದವು. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐನವರಿಗೆ ಸಿಟ್ಟು ಬಂತು. ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅವರ ಹೊಸ ಡ್ರೈವರು ನಕಲಿ ಚಿಪ್ಪು ಕಂಡ ಕೂಡಲೇ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡತೊಡಗಿತು. ಸೊನ್ನೆಯಾದ ಡಾಂಗಲ್ಲನ್ನು ಕಂಪ್ಯೂಟರು ಗುರುತಿಸದು. ನಕಲಿ ಮಾಡಿದವನು ದುಡ್ಡು ಎಣಿಸಿಕೊಂಡು ಮನೆ ಸೇರಿದ್ದ, ಕೊಂಡವನು ದಂಡ ತೆತ್ತ. ಲೋಕವೆಲ್ಲ ಬಯ್ದ ಮೇಲೆ ಆ ಡ್ರೈವರನ್ನು ವಾಪಸ್ ಪಡೆದರು. ಕಳಪೆ ಬೀಜ ಮಾರಿದವನನ್ನು ಬಿಟ್ಟು ಬಿತ್ತಿದವನ ಹೊಲಕ್ಕೆ ಬೆಂಕಿ ಇಟ್ಟ ಹಾಗೆ. ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರಿನಲ್ಲಿ ಈ ಹೋಲಿಕೆಯನ್ನು ನಾನು ಸಣ್ಣ ದನಿಯಲ್ಲೇ ಹೇಳಿದೆ.

ಪ್ರೊಲಿಫಿಕ್‌ನವರದು ಇನ್ನೊಂದು ಶೈಲಿ. ಅವರ ಹೊಸ ಡ್ರೈವರು ತಮ್ಮದೇ ಹಳೆಯ ಚಿಪ್ಪನ್ನು ಕಂಡರೂ ಕೆಲಸ ಮಾಡುವುದಿಲ್ಲ. ಈ ಚಿಪ್ಪನ್ನು 2012ರಿಂದಲೇ ನಿಲ್ಲಿಸಲಾಗಿದೆ, ದಯವಿಟ್ಟು ನಿಮ್ಮ ಸರಬರಾಜುದಾರರನ್ನು ಸಂಪರ್ಕಿಸಿ ಎಂಬ ಅರ್ಥದ ವಾಕ್ಯವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ತೋರಿಸುತ್ತದೆ. ವಾಕ್ಯದಲ್ಲಿ ಆಡಳಿತ ಭಾಷೆಯ ಎಂಥ ಪಕ್ವತೆ! ತಪ್ಪಿಲ್ಲ, ಕ್ಷಮೆ ಇಲ್ಲ, ದಾರಿಯೂ ಇಲ್ಲ. 'ಸಂಬಂಧಪಟ್ಟವರನ್ನು ಸಂಪರ್ಕಿಸುವುದು' ಎಂದು ಹಿಂಬರಹ ಬರೆದು ಅರ್ಜಿ ವಾಪಸ್ ಕಳಿಸುವ ಕಲೆಯನ್ನು ತೈವಾನಿನವರು ಯಾವ ತಹಶೀಲ್ದಾರ್ ಕಚೇರಿಯಲ್ಲಿ ಕಲಿತರೋ. ಇನ್ನು ಸರಬರಾಜುದಾರ ಯಾರು? ಡ್ರಾಯರಿನ ತಳದಿಂದ ಪೊಟ್ಟಣ ಎಳೆದವನೇ? ಅವನಿಗೆ ಕೊಟ್ಟ ಹುಬ್ಬಳ್ಳಿಯವನೇ? ಹುಬ್ಬಳ್ಳಿಯವನಿಗೆ ಕೊಟ್ಟ ಬೆಂಗಳೂರಿನ ಎಸ್‌.ಪಿ. ರಸ್ತೆಯವನೇ?

ನಮ್ಮ ಡಾಂಗಲ್ಲಿನ ವಂಶ ಯಾವುದೋ ಗೊತ್ತಿಲ್ಲ, ಪೊಟ್ಟಣದ ಮೇಲೆ ತಯಾರಕರ ಹೆಸರೇ ಇರಲಿಲ್ಲ. ಮೂರನೆಯ ಡ್ರೈವರಿಗೆ ಅದು ಕಣ್ಣು ಬಿಟ್ಟಿತು. ಕಣ್ಣು ಬಿಟ್ಟದ್ದು ಕಾಮ್ 7 ಎಂಬ ಹೆಸರಿನಲ್ಲಿ. ಕಾಟಾದ ಸಾಫ್ಟ್‌ವೇರು ಕಾಯುತ್ತಿದ್ದದ್ದು ಕಾಮ್ 1ರ ಹತ್ತಿರ. ಆ ಸಾಫ್ಟ್‌ವೇರು ಬರೆದ ಪುಣ್ಯಾತ್ಮನಿಗೆ ಕಾಮ್ 1, ಕಾಮ್ 2 ಬಿಟ್ಟು ಮೂರನೆಯದೊಂದು ಈ ಭೂಮಿಯ ಮೇಲೆ ಇರಬಹುದೆಂದು ಹೊಳೆದೇ ಇರಲಿಲ್ಲ. ಅವನು ಈಗ ಆ ಕೆಲಸ ಬಿಟ್ಟು ಅಡಿಕೆ ತೋಟ ಮಾಡಿದ್ದಾನೆಂದು ಗುಮಾಸ್ತರು ಹೇಳಿದರು. ವಿವೇಕಿ.

ಡಿವೈಸ್ ಮ್ಯಾನೇಜರಿನೊಳಗೆ ಹೊಕ್ಕು ಏಳನ್ನು ಒಂದಕ್ಕೆ ಬದಲಿಸಿದೆ. ಹೆಸರು ಒಪ್ಪಿತು. ಮರುದಿನ ಯಾರೋ ಡಾಂಗಲ್ಲನ್ನು ಕಿತ್ತು ಮೊಬೈಲು ಚಾರ್ಜಿಗೆ ಹಾಕಿ, ಆಮೇಲೆ ಪಕ್ಕದ ತೂತಿಗೆ ಚುಚ್ಚಿದರು. ಈಗ ಅದು ಕಾಮ್ 8. ತೂತು ಬದಲಾದರೆ ಹೆಸರೂ ಬದಲು. ಪಕ್ಷ ಬದಲಿಸಿದವರು ಕೂಡ ಊರ ಹೆಸರು, ಮನೆತನದ ಹೆಸರು ಉಳಿಸಿಕೊಳ್ಳುತ್ತಾರೆ. ಇದು ಅವರಿಗಿಂತ ಮುಂದೆ.

ಹೆಸರು ಸರಿಯಾದರೂ ಮಾತು ಬರಲಿಲ್ಲ. ಹೊಸ ಡಾಂಗಲ್ಲಿನ ಜೊತೆ ಹೊಸದೊಂದು ಉದ್ದ ವೈರೂ ಬಂದಿತ್ತು. ಅದು ನೇರ ವೈರು, ಬೇಕಾದದ್ದು ಅಡ್ಡ ವೈರು. ನೇರ ವೈರಿನಲ್ಲಿ ಎರಡೂ ಕಡೆಯವರು ಮೂರನೆಯ ತಂತಿಯಲ್ಲೇ ಮಾತಾಡುತ್ತಾರೆ, ಎರಡನೆಯ ತಂತಿಗೇ ಕಿವಿ ಹಚ್ಚಿ ಕೂತಿರುತ್ತಾರೆ. ಟೀವಿ ಚರ್ಚೆ ನೋಡಿದವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಎರಡು, ಮೂರನ್ನು ಅದಲುಬದಲು ಮಾಡಿದ ವೈರಿಗೆ ನಲ್ ಮೋಡೆಮ್ ಎಂದು ಹೆಸರು. ಹುಡುಗ ಆ ಹೊಸ ವೈರನ್ನೇ ಬೆಸುಗೆ ಹಾಕಿ ಅದಲುಬದಲು ಮಾಡಿಕೊಟ್ಟ. ಆಗ ಇನ್ನೊಂದು ತೊಡಕು: ಡಾಂಗಲ್ಲಿನ ತುದಿಯೂ ವೈರಿನ ತುದಿಯೂ ಗಂಡೇ. ಅದಕ್ಕೆ ಜೆಂಡರ್ ಚೇಂಜರ್ ಎಂಬ ತುಂಡು ಬೇಕು. ಜಾತಕ ಕೂಡಿ, ಗೋತ್ರ ಕೂಡಿ, ಮುಹೂರ್ತದ ಹೊತ್ತಿಗೆ ಎರಡೂ ಕಡೆಯವರು ವರನನ್ನೇ ಕರೆತಂದರೆ ಪುರೋಹಿತನ ಪಾಡೇನು, ಆ ಹೊತ್ತು ನನ್ನದೂ ಅದೇ ಪಾಡು.

ಈ ನಾಲ್ಕೈದು ದಿನ ಅಂಗಡಿಯ ವ್ಯಾಪಾರ ನಿಂತಿತ್ತೇ ಎಂದು ಕೇಳಿ. ನಿಲ್ಲಲಿಲ್ಲ. ನಿಜವಾದ ತಮಾಷೆ ಇಲ್ಲಿಯದು. ಕಾಟಾದ ಪಕ್ಕ ಹುಡುಗ ನಿಂತು ಕೆಂಪು ಅಂಕಿ ನೋಡಿ ಕೂಗುತ್ತಿದ್ದ: "ನಲವತ್ತೆರಡು ಆರುನೂರಾ!" ಗುಮಾಸ್ತರು ಒಳಗೆ ಕೂತು ಲ್ಯಾಪ್‌ಟಾಪಿನಲ್ಲಿ ಕುಟ್ಟುತ್ತಿದ್ದರು. ಹುಡುಗನ ಗಂಟಲೇ ಸೀರಿಯಲ್ ಪೋರ್ಟು, ಗುಮಾಸ್ತರ ಕಿವಿಯೇ ಡಾಂಗಲ್ಲು. ಘಾಟು ಏರಿ ಅವನು ಕೆಮ್ಮಿದರೆ ಒಂದು ಅಂಕಿ ತಪ್ಪುತ್ತಿತ್ತು. ಅವರು ಸೀನಿದರೆ ಇನ್ನೊಂದು.

ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು, ದೇಶದಲ್ಲೇ ಮೊದಲಿಗರು ನಾವು ಎಂದು ಬೆನ್ನು ತಟ್ಟಿಕೊಂಡೆವು. 2016ರಲ್ಲಿ ಕೇಂದ್ರದ ಇ-ನಾಮ್ ಬಂತು. ರೈತ ಮತ್ತು ಖರೀದಿದಾರರ ನಡುವಿನ ಮಸುಕು ತೊಲಗಿ ಎಲ್ಲವೂ ಗಾಜಿನಂತೆ ಕಾಣಬೇಕೆಂಬುದು ಆಸೆ. ಆಸೆ ಒಳ್ಳೆಯದೇ. ಟೆಂಡರು ಆನ್‌ಲೈನು, ಪಟ್ಟಿ ಕಂಪ್ಯೂಟರು, ದುಡ್ಡು ಬ್ಯಾಂಕಿಗೆ. ಎಲೆಕ್ಟ್ರಾನಿಕ್ ಕಾಟಾ ಈ ತುದಿಗೆ, ಎಲೆಕ್ಟ್ರಾನಿಕ್ ಮಾರುಕಟ್ಟೆ ಆ ತುದಿಗೆ. ನಡುವಿನ ಆರು ಅಡಿಯಲ್ಲಿ ಮಾತ್ರ ಹತ್ತೊಂಬತ್ತರ ಹುಡುಗನ ಗಂಟಲು. ಮಧ್ಯವರ್ತಿಯನ್ನು ತೆಗೆಯಲು ಹೊರಟ ಎರಡು ದೊಡ್ಡ ಯೋಜನೆಗಳು, ಲ್ಯಾಪ್‌ಟಾಪಿನವರದು ಒಂದು, ಸರ್ಕಾರದವರದು ಒಂದು, ಎರಡೂ ಬಂದು ಮುಗ್ಗರಿಸಿದ್ದು ಅದೇ ಆರು ಅಡಿಯಲ್ಲಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. 2024ರ ಮಾರ್ಚ್ 11ರ ಸೋಮವಾರ ದರ ಕುಸಿಯಿತೆಂದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಸ್ಫೋಟಿಸಿತು, ವಾಹನಗಳಿಗೆ ಬೆಂಕಿ ಬಿತ್ತು, ಕಚೇರಿಗೆ ಕಲ್ಲು ಬಿತ್ತು. ಅಂದಿನ ಜಗಳ ದರದ್ದು. ಕೆಂಪು ಅಂಕಿಯ ಡಬ್ಬಿ ಹೇಳಿದ್ದನ್ನು ರೈತನೂ ನಂಬುತ್ತಾನೆ, ಸಾಹುಕಾರನೂ ನಂಬುತ್ತಾನೆ. ಇಡೀ ಪೇಟೆಯಲ್ಲಿ ಇಬ್ಬರೂ ನಂಬುವ ಬಾಯಿ ಅದೊಂದೇ. ಕಂಪ್ಯೂಟರಿಗೆ ಕೇಳಿಸದೆ ಹೋದದ್ದೂ ಅದೊಂದೇ.

ಹಳಬ ಗಟ್ಟಿಯೋ ಹೊಸಬ ಗಟ್ಟಿಯೋ ಎಂಬ ಜಗಳ ಈ ಸೀಮೆಗೆ ಹೊಸದಲ್ಲ. ಕನಕದಾಸರ ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲೇ. ಅವರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ ಮತ್ತು ರಾಗಿ ನಾನು ಹೆಚ್ಚು ನಾನು ಹೆಚ್ಚು ಎಂದು ಜಗಳವಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಹಾಗೇ ಇರುತ್ತದೆ. ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಆರು ತಿಂಗಳು ಇಡಬೇಕಾಗಿದ್ದರೆ ರಾಮನಿಗೆ ತೀರ್ಪು ಇನ್ನೂ ಸುಲಭವಾಗುತ್ತಿತ್ತು. ಘಾಟಿನ ಧೂಳು ಲ್ಯಾಪ್‌ಟಾಪಿನ ಫ್ಯಾನಿಗೆ ಹೊಕ್ಕರೆ ಅದೂ ಸೀನುತ್ತದೆ, ರಿಪೇರಿಗೆ ಬಿಚ್ಚಿದವನೂ ಸೀನುತ್ತಾನೆ. ಇನ್ನು ಬೇಸಿಗೆಯ ಮೊದಲ ಗುಡುಗು ಮಳೆ. ಆರ್‌ಎಸ್-232ರ ಕಟ್ಟಳೆಯ ಪ್ರಕಾರ ಆ ಮುದುಕ 25 ವೋಲ್ಟ್ ಬಡಿದರೂ ತಡೆದುಕೊಳ್ಳಬೇಕು. ಯುಎಸ್‌ಬಿಯ ಜೀವವೇ 5 ವೋಲ್ಟು. ಉದ್ದದ ವೈರಿನಲ್ಲಿ ಸಿಡಿಲಿನ ಒಂದು ಸಣ್ಣ ನೆಂಟ ಬಂದುಹೋದರೂ ಡಾಂಗಲ್ಲು ಮೊದಲು ಹೋಗುತ್ತದೆ, ಲ್ಯಾಪ್‌ಟಾಪಿನ ತೂತನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಇದನ್ನೆಲ್ಲ ಬಲ್ಲ ಹಳೆಯ ಅಂಗಡಿಗಳವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಒಂದು ಡಬ್ಬಿ ಕಂಪ್ಯೂಟರು ಇರುತ್ತದೆ. ಒಳಗೆ ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ ಅದರ ಕೈಬಿಟ್ಟದ್ದು 2014ರ ಏಪ್ರಿಲ್ 8ರಂದು, ಅಂಗಡಿಯವರು ಇನ್ನೂ ಬಿಟ್ಟಿಲ್ಲ. ಬೆನ್ನಿಗೆ ಒಂಬತ್ತು ಪಿನ್ನು ಮುತ್ತಿನಂತೆ ಇದೆ. ಅದಕ್ಕೆ ಇಂಟರ್ನೆಟ್ ಇಲ್ಲ, ಹಾಗಾಗಿ ವೈರಸ್ಸೂ ಇಲ್ಲ, ಅಪ್‌ಡೇಟೂ ಇಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಖಾತೆ ಪುಸ್ತಕದ ಪಕ್ಕದಲ್ಲಿ ಅದಕ್ಕೂ ಕುಂಕುಮ. ಕಳೆದ ವರ್ಷದ ಕುಂಕುಮವೂ ಅದರ ಹಿಂದಿನದೂ ಹಾಗೇ ಇವೆ. ರಿಪೇರಿಯವನು ಬಂದು "ಇದನ್ನ ಗುಜರಿಗೆ ಹಾಕ್ರಿ" ಎಂದಾಗ ಒಬ್ಬ ಹಿರಿಯರು ಕೊಟ್ಟ ಉತ್ತರ ನನಗೆ ಮರೆಯದು: "ತಮ್ಮಾ, ನಿನ್ನ ಹೊಸಾದು ಇದರ ಮಾತು ಕಲೀಲಿ ಮೊದ್ಲ. ಆಮ್ಯಾಲ ನೋಡೋಣಂತ."

ನಮ್ಮ ಅಂಗಡಿಯಲ್ಲಿ ಆ ಡಬ್ಬಿಯನ್ನು ಸಾಹುಕಾರರ ಮಗ ಲ್ಯಾಪ್‌ಟಾಪು ತಂದ ಹುಮ್ಮಸ್ಸಿನಲ್ಲಿ ಆಗಲೇ ಮಾರಿಬಿಟ್ಟಿದ್ದ. ಕಿಲೋ ಲೆಕ್ಕದಲ್ಲಿ, ಅದೇ ಕಾಟಾದಲ್ಲಿ ತೂಗಿ.

ಅಂತೂ ಐದನೆಯ ದಿನ ಎಲ್ಲ ಕೂಡಿಬಂತು. ಲ್ಯಾಪ್‌ಟಾಪು ಮಾತು ಕೇಳಿತು, ಅಂಕಿ ಪರದೆಯ ಮೇಲೆ ಬಂತು, ಸಾಹುಕಾರರು ಮತ್ತೆ ಚಹಾ ತರಿಸಿದರು. ಹುಡುಗ ಡಾಂಗಲ್ಲನ್ನು ಅದರ ತೂತಿಗೆ ಚುಚ್ಚಿ ಸುತ್ತ ಟೇಪು ಸುತ್ತಿದ. ಮೇಲೆ ಚೀಟಿ ಅಂಟಿಸಿದ: ಮುಟ್ಟಿದವರಿಗೆ ದಂಡ.

ಮೊನ್ನೆ ಮತ್ತೆ ಕರೆ ಬಂತು. ಹೋದೆ. ಮಗ ಇನ್ನೂ ಹೊಸದೊಂದು ಲ್ಯಾಪ್‌ಟಾಪು ತಂದಿದ್ದ. ಹಿಂದಿನದು ಹೋಳಿಗೆಯಾದರೆ ಇದು ರುಮಾಲಿ ರೊಟ್ಟಿ. ಚಪ್ಪಟೆ ತೂತುಗಳೂ ಹೋಗಿ ಬರೀ ಸಿ ಉಳಿದಿದೆ, ಡಾಂಗಲ್ಲಿಗೂ ಬಾಗಿಲು ಬಂದ್. ದಲಾಲನಿಗೂ ಒಬ್ಬ ದಲಾಲ ಬೇಕಾಗಿದೆ. ಸಿಯಿಂದ ಎಗೆ ಒಂದು ತುಂಡು, ಅದಕ್ಕೆ ಡಾಂಗಲ್ಲು, ಅದಕ್ಕೆ ಜೆಂಡರ್ ಚೇಂಜರು, ಅದಕ್ಕೆ ಅಡ್ಡ ವೈರು. ಎಲ್ಲ ಕೂಡಿಸಿ ಮೇಜಿನ ಮೇಲಿಟ್ಟರೆ ಎರಡು ಮೊಳದ ಮೆರವಣಿಗೆ.

ಅಷ್ಟರಲ್ಲಿ ಚೀಲ ಇಳಿಸಿ ಬಂದ ಹಿರಿಯ ಹಮಾಲರೊಬ್ಬರು ಈ ತೋರಣವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕಾಟಾದ ಮೇಲಿಟ್ಟರು. ಕೆಂಪು ಅಂಕಿ ಒಂದು ಕ್ಷಣ ತಡಬಡಿಸಿ ನಿಂತಿತು: ಮುನ್ನೂರ ಎಂಬತ್ತು ಗ್ರಾಂ. ಲ್ಯಾಪ್‌ಟಾಪಿನ ಪರದೆ ಕಾಮ್ 1 ಸಿಗುತ್ತಿಲ್ಲ ಎಂದಿತು.

ಹಮಾಲರು ಸಾಹುಕಾರರ ಕಡೆ ತಿರುಗಿದರು.

"ಇದಕ್ಕ ಸೂಟು ಎಷ್ಟು ಹಿಡಿಯೂಣ್ರೀ, ಸಾವ್ಕಾರ್ರ?"